ಸ್ಥಳೀಯ ಹೆಸರು

ಅಂಟು ಬಿಟ್ಟಿದೆ, ನೂಲು ಹಾಕಬೇಕು ಎಂದರು ಪ್ರಸೀತ ಟೀಚರ್.
ಹೊಲಿಯುವುದು ನನ್ನ ಕೆಲಸ, ಓದುವುದಲ್ಲ.
ಆದರೆ ಹೊಲಿಯುವಾಗ ಕಣ್ಣನ್ನು ಎಲ್ಲಿಡಲಿ?

ಹಾಳೆ ಇನ್ನೂರ ಹನ್ನೆರಡು.
ಎಪ್ಪತ್ತು ಚಿಲ್ಲರೆ ವರ್ಷದ ಹುಲ್ಲು, ಚಹಾದ ಬಣ್ಣ.
ತುದಿಯಲ್ಲಿ ಜೋಡಿ ಕದಿರು, ಒಂಚೂರು ಕೆಳಗೆ ಇನ್ನೊಂದು ಒಂಟಿ,
ಗೆಣ್ಣು ಗೆಣ್ಣಿಗೆ ಬೇರು, ಬೇರಿನಲ್ಲಿ
ಈಗಲೂ ಕೆಂಪಗೆ ನಮ್ಮ ಮುರಕಲ್ಲಿನ ಹುಡಿ.
ಆಕ್ಸೊನೋಪಸ್ ಕಂಪ್ರೆಸ್ಸಸ್.
ಕಂಪ್ರೆಸ್ಸಸ್ ಅಂದರೆ ಅದುಮಿದ್ದು ಅಂತೆ.
ಹೆಸರಿಟ್ಟವರಿಗೆ ಸಾಲದೆ ಮತ್ತೆ ಅದುಮಿದರು
ಹಳೇ ಪೇಪರಿನ ನಡುವೆ, ಮೇಲೊಂದು ಕಲ್ಲು ಹೇರಿ.

ಊರು: ಕಾಸರಗೋಡು. ಜಿಲ್ಲೆ: ದಕ್ಷಿಣ ಕನ್ನಡ. ರಾಜ್ಯ: ಮದ್ರಾಸು.
ಸಂಗ್ರಹ: ಎಲ್. ಕ್ರಾಸ್ತ, ೩-೯-೫೧.
ತಾಣ: ಹಳೇ ಬಂಗಲೆ, ಟೆನಿಸ್ ಅಂಗಳದ ಅಂಚು.
ಮೂಲ: ದಕ್ಷಿಣ ಅಮೆರಿಕ.
ಟೀಚರು ಎಲ್ಲವನ್ನೂ ಕಂಪ್ಯೂಟರಿಗೆ ಹಾಕುತ್ತಾರೆ.
ಮದ್ರಾಸು ಎಂದು ಒತ್ತಿದರೆ ಚೌಕ ಕೆಂಪಾಗುತ್ತದೆ.
ಏನು ಮಾಡುವುದು ಕಮಲಾಕ್ಷಿ, ಎಂದು ಮಲಯಾಳದಲ್ಲಿ ಕೇಳಿದರು.
ನನ್ನ ಬಾಯಲ್ಲಿ ಸೂಜಿಯಿತ್ತು.

ಕೊನೆಯ ಸಾಲು. ಸ್ಥಳೀಯ ಹೆಸರು: ಖಾಲಿ.
ಖಾಲಿಯಲ್ಲ. ಕಿಟಕಿಗೆ ಓರೆ ಹಿಡಿದರೆ
ಪೆನ್ಸಿಲು ಬರೆದು ರಬ್ಬರು ಉಜ್ಜಿದ ತಗ್ಗು:
ದೊರೆಪಜಿರ್.
ತುಳು. ಮನೆಯಲ್ಲಿ ಕೊಂಕಣಿ ಆಡುವ ಕ್ರಾಸ್ತರ ಮಾತಲ್ಲ ಅದು.
ಅಲ್ಲೇ ಕುಕ್ಕರಗಾಲಲ್ಲಿ ಕೂತು
ದಿನಕ್ಕೆ ಆರಾಣೆಗೆ ಗರಿಕೆ ಕೀಳುತ್ತಿದ್ದವಳದ್ದಿರಬೇಕು.
ಗಣಪತಿಗೆ ಬೇಕಾದ ಗರಿಕೆಯನ್ನು ಕಿತ್ತೆಸೆದು
ಇದಕ್ಕೆ ನೀರು ಹೊರುವುದು, ದನ ಬಂದರೆ ಕಲ್ಲು ಬೀರುವುದು,
ಬೆಳೆದರೆ ಕತ್ತರಿಸುವುದು, ಕತ್ತರಿಸಿದ್ದನ್ನು
ಹಟ್ಟಿಗೆ ಒಯ್ಯಬಾರದು!
ಅವಳಿಗೆ ನಗು ಬಂದಿರಬೇಕು.
ಇವರು ಕೇಳಿದರು, ಅವಳು ಹೇಳಿದಳು, ಇವರೂ ನಕ್ಕು ಬರೆದರು.
ರಾತ್ರಿ ಲಾಟೀನಿನ ಎದುರು ಒರೆಸಿದರು,
ಒಬ್ಬಳ ಕುಶಾಲು ಊರಿನ ಹೆಸರಾಗುತ್ತದೆಯೇ ಎಂದೋ
ದೊರೆ ಹೋಗಿ ನಾಲ್ಕು ವರ್ಷವಾಯಿತಲ್ಲ ಎಂದೋ.

ಈಗ ನರ್ಸರಿಯಲ್ಲಿ ಅದಕ್ಕೆ ಚದರಡಿ ಲೆಕ್ಕ.
ಕಾಲೇಜಿನ ಚರಂಡಿ ಬದಿಯಲ್ಲಿ ಪುಕ್ಕಟೆ.
ಬೇಲಿಯ ತೂತಿನಿಂದ ನುಗ್ಗಿ ಮೊಯ್ದಿಚ್ಚನ ಆಡು
ಬುಡದ ತನಕ ಮೇಯುತ್ತದೆ. ಮಾರನೆ ವಾರ ಮತ್ತೆ ಹಸಿರು.

ಹಾಳೆಯಲ್ಲಿ ಬರೆಯುವ ಅಧಿಕಾರ ನನಗಿಲ್ಲ.
ಕಂಪ್ಯೂಟರಿನಲ್ಲಿ ಆ ಕಾಲಂ 'ಇಲ್ಲ' ಎಂದು ಹೋಯಿತು.
ಕೊನೆಯ ಹೊಲಿಗೆ ಸರಿಯಾಗಿ ಆ ತಗ್ಗಿನ ಮೇಲೇ ಬೀಳುವುದಿತ್ತು,
ಒಂದು ಬೆರಳು ಈಚೆ ಚುಚ್ಚಿದೆ.
ಎಳೆಯುವಾಗ ಒಂದು ಕಾಳು ಅಂಗೈಗೆ ಉದುರಿತು,
ಮೊಳೆಯುವ ಪ್ರಾಯ ಎಂದೋ ಕಳೆದದ್ದು.
ಪೊಟ್ಟಣ ಕಟ್ಟಿ, ಅದೇ ಹಾಳೆಯ ಮೂಲೆಗೆ
ಅದನ್ನೂ ಹೊಲಿದೆ.