ಮೇಲ್ಸಾಲು

ನಾಲ್ಕೂವರೆಗೆ ಎದ್ದು ಮುಖ ತೊಳೆದು
ಗೋಡೆಯ ಶಿಲುಬೆಯತ್ತ ಒಂದರೆಗಳಿಗೆ ನೋಡಿ
ಹೊರಟುಬಿಡುತ್ತೇನೆ. ಅದೇ ಪ್ರಾರ್ಥನೆ.
ಟೆಂಪೋದಲ್ಲಿ ಹನ್ನೊಂದು ಹೆಂಗಸರು, ಎರಡು ಕಂಬಳಿ.
ಅಂತರಗಂಗೆ ಬೆಟ್ಟ ಇನ್ನೂ ಕತ್ತಲೆಯ ಮುದ್ದೆ,
ಮಂಡಿಯಲ್ಲಿ ಆಗಲೇ ಹಗಲು:
ಟ್ಯೂಬ್‌ಲೈಟು, ನೀಲಿ ಕ್ರೇಟು, ಲಾರಿಯ ಹೊಗೆ,
ಒಡೆದ ಹಣ್ಣಿನ ಹುಳಿ ವಾಸನೆ.

ಕೆಲಸ ಕಲಿಯಲು ಅರ್ಧ ದಿನ ಸಾಕು.
ಗೋಲಿ ಗಾತ್ರದ್ದು, ಮಚ್ಚೆ ಬಿದ್ದದ್ದು,
ಭುಜ ಹಸಿರಾದದ್ದು ತಳಕ್ಕೆ.
ನಡುವೆ ಸಾಧಾರಣ.
ಮೇಲ್ಸಾಲಿಗೆ ಮಾತ್ರ ಆರಿಸಿ ಆರಿಸಿ
ಸೆರಗಲ್ಲಿ ಒರೆಸಿ, ತೊಟ್ಟು ಕೆಳಗೆ ಮಾಡಿ,
ಒಂದೇ ಎತ್ತರ, ಒಂದೇ ಕೆಂಪು.
'ಮೇಲ್ಸಾಲೇ ಮಾತಾಡೋದು ಕಣಮ್ಮೋ,
ತಳ ಯಾರು ಕೇಳ್ತಾರೆ?' ಅನ್ನುತ್ತಿದ್ದ
ಮೇಸ್ತ್ರಿ ಮುನಿವೆಂಕಟಪ್ಪ.
ಹನ್ನೆರಡು ವರ್ಷ. ನನ್ನಷ್ಟು ಚೆಂದ ಸುಳ್ಳು ಜೋಡಿಸುವವಳು
ಇಡೀ ಕೋಲಾರದಲ್ಲಿರಲಿಲ್ಲ.

ಭಾನುವಾರ ಗಂಜಿ ಹಾಕಿದ ಬಿಳಿ ಸೀರೆ,
ಬೈಬಲಿಗೆ ಪ್ಲಾಸ್ಟಿಕ್ ಹೊದಿಕೆ,
ಬಲಗಡೆ ಎರಡನೇ ಬೆಂಚು.
'ನಮ್ಮ ಎಸ್ತೇರಮ್ಮನ ಹಾಗಿರಬೇಕು'
ಎಂದರು ಪಾಸ್ಟರು ಒಮ್ಮೆ, ಸಭೆಯ ಮುಂದೆ.
ನಾನು ಉಗುರು ನೋಡಿಕೊಂಡೆ.
ಟೊಮೆಟೊ ಗಿಡದ ಆ ಹಸಿರುಗಪ್ಪು
ಯಾವ ಸೋಪಿಗೂ ಹೋಗುವುದಿಲ್ಲ.

ಅದು ಬಿಟ್ಟ ದಿನ ದೇವದೂತನೇನೂ ಬರಲಿಲ್ಲ.
ಮಂಗಳವಾರ. ಸೊಂಟ ನೋವು.
ಕೈ ತನ್ನಷ್ಟಕ್ಕೆ ಚಿಕ್ಕದು ದೊಡ್ಡದು ಕಲೆಸಿ ತುಂಬಿತು.
ನೋಡಿದೆ. ಸರಿಮಾಡಲಿಲ್ಲ.
ಇಷ್ಟೇ ನನ್ನ ಸಾಕ್ಷಿ.

ಕ್ರೇಟಿಗೆ ನಲವತ್ತು ರೂಪಾಯಿ ಕಡಿಮೆ ಕೂಗಿದರು.
ಮೇಸ್ತ್ರಿ ಕೂಲಿ ಹಿಡಿದ. ನನ್ನ ಬಾಯಿ ಬಿಟ್ಟಿತು:
ಅವನು, ಅವನ ತಾಯಿ, ತಾಯಿಯ ತಾಯಿ,
ಯಾರನ್ನೂ ಉಳಿಸಲಿಲ್ಲ.
ಪಕ್ಕದಲ್ಲಿ ಪ್ಯಾರಿಜಾನ್ ಬಾಯಿಗೆ ಸೆರಗು ಒತ್ತಿ ನಕ್ಕಳು.
ಕರ್ತನೇ, ಮೊದಲ ಸಲ ಕ್ರೇಟು ನೆಟ್ಟಗಿತ್ತು,
ಅದೇ ದಿನ ನಾಲಿಗೆ ಕೊಳೆಯಬೇಕೆ?

ಆ ಭಾನುವಾರ ಪ್ರಭುಭೋಜನ. ರೊಟ್ಟಿಯ ತಟ್ಟೆ
ನನ್ನ ಬೆಂಚಿಗೆ ಬರುವ ಮೊದಲೇ ಎದ್ದು ಹೊರಟೆ.
ತಲೆನೋವೆಂದುಕೊಂಡು ಪಾಸ್ಟರಮ್ಮ
ಬಾಗಿಲ ತನಕ ಬಂದು ಬಾಮು ಕೊಟ್ಟರು.
ಹಚ್ಚಿಕೊಂಡೆ, ಇನ್ನೇನು ಮಾಡಲಿ.

ಸೋಮವಾರ ಮೇಸ್ತ್ರಿಯೆದುರು ನಿಂತೆ.
'ತಪ್ಪಾಯ್ತಣ್ಣ.'
'ಗೊತ್ತಾಯ್ತಲ್ಲ. ಹೋಗು, ಮೇಲ್ಸಾಲು ಕಟ್ಟು.'
'ಅದು ಆಗಲ್ಲ.'
'ಮತ್ತೆ ತಪ್ಪಾಯ್ತು ಅಂದೆ?'
'ನಿಮ್ಮ ತಾಯೀನ ಬೈದದ್ದಕ್ಕೆ. ಕಟ್ಟದ್ದಕ್ಕಲ್ಲ.'
ತಾಳೆಯಾಗದ ಲೆಕ್ಕ ನೋಡುವ ಹಾಗೆ
ಬಹಳ ಹೊತ್ತು ನನ್ನ ಮುಖ ನೋಡಿದ.
ಕೊಳೆತದ್ದು ಬೇರ್ಪಡಿಸುವ ಮೂಲೆಗೆ ಕೈ ತೋರಿಸಿದ.
ಅಲ್ಲಿ ಕೂಲಿ ಅರವತ್ತು ಕಮ್ಮಿ. ನೊಣ ಜಾಸ್ತಿ.

ಪ್ಯಾರಿಜಾನ್ ಅನ್ನುತ್ತಾಳೆ ನನಗೆ ಹುಚ್ಚೆಂದು.
ಅವಳಿಗೆ ಮೂರು ಹೆಣ್ಣುಮಕ್ಕಳು, ಗಂಡನಿಗೆ ದಮ್ಮು.
ಅವಳ ಕ್ರೇಟಿನ ತಳ ನಾನು ನೋಡುವುದಿಲ್ಲ.
ಆಳು ಸಾಲದ ದಿನ ನನ್ನನ್ನೂ ಕರೆಯುತ್ತಾರೆ,
ಒಂದು ಹಣ್ಣನ್ನು ಬೆರಳು ಒರೆಸತೊಡಗುತ್ತದೆ ಹಳೆಯ ರೂಢಿಗೆ.
ಕೆಲವು ಸಲ ನಿಲ್ಲಿಸುತ್ತೇನೆ.
ಕೆಲವು ಸಲ ಹಣ್ಣು ಮೇಲೆ ಕೂತ ಮೇಲೆ ಎಚ್ಚರ.

ನಿನ್ನೆ ಸಂಜೆ ಮೇಸ್ತ್ರಿ, ಯಾಕೋ,
ಸೀಳು ಬಿಟ್ಟ ಹಣ್ಣು ಒಂದು ಚೀಲ ಕೊಟ್ಟ,
'ತಗೊಂಡೋಗಮ್ಮೋ' ಅಂದ, ಮುಖ ಆಚೆ ತಿರುಗಿಸಿ.
ಹಸಿರು, ಕೆಂಪು, ಮಚ್ಚೆಯದು, ಎಲ್ಲ ಹಿಚುಕಿ
ಬೆಳ್ಳುಳ್ಳಿ ಜಜ್ಜಿ ಸಾರು ಮಾಡಿದೆ.
ಕುದಿಯುವಾಗ ಇಣುಕಿ ನೋಡಿದೆ:
ತಳ ಯಾವುದು, ಮೇಲು ಯಾವುದು, ತಿಳಿಯಲಿಲ್ಲ.

ಮುದ್ದೆ ಮುರಿದು, ಕಣ್ಣು ಮುಚ್ಚಿ ಸ್ತೋತ್ರ ಹೇಳಿ
ಒಂದು ತುತ್ತು ಅದ್ದಿ ನುಂಗಿದೆ.
ಉಪ್ಪು ಹಾಕಿರಲಿಲ್ಲ.
ಸೊಂಟ ಹಿಡಿದುಕೊಂಡು ಎದ್ದೆ,
ಡಬ್ಬಿ ತರಲು.