ಹೆಸರು ಹೇಳಿದರೆ ದುಡ್ಡಿಲ್ಲ

ಅಗ್ರಹಾರ ಸರ್ಕಲ್ಲಿನಿಂದ ಒಳಗೆ ತಿರುಗಿ
ಹೊಲಿಗೆ ಮೆಷಿನ್ನು ರಿಪೇರಿಯವನ ಪಕ್ಕ
ಒಂದೂವರೆ ಆಳು ಅಗಲದ ಅಂಗಡಿ, ಚೆನ್ನಾಜಮ್ಮನದು.
ಬೋರ್ಡಿಲ್ಲ, ಹಾಲಿಲ್ಲ, ಟೀಪುಡಿ ಇಲ್ಲವೇ ಇಲ್ಲ.
ಸಾಲಾಗಿ ಆರು ಹಿತ್ತಾಳೆ ಚೊಂಬು, ಬಾಯಿಗೆ ತಟ್ಟೆ ಮುಚ್ಚಿ.
ಯಾವುದರಲ್ಲಿ ಏನೆಂದು ಅವಳು ಹೇಳುವವಳಲ್ಲ.
"ಕುಡಿದು ಹೆಸರು ಹೇಳು. ಸರಿಯಾದರೆ ದುಡ್ಡಿಲ್ಲ.
ತಪ್ಪಿದರೆ ಹತ್ತು ರೂಪಾಯಿ ಇಡು, ಮಾತಿಲ್ಲದೆ."

ನನಗೇ ಸವಾಲೇ?
ಹದಿನೇಳು ವರ್ಷ ಊದುಬತ್ತಿ ಕಾರ್ಖಾನೆಯಲ್ಲಿ
ಮೂಗಿನ ಕೆಲಸ ನನ್ನದು.
ಕಣ್ಣು ಕಟ್ಟಿ ನಿಲ್ಲಿಸಿದರೂ ಹೇಳಿಯೇನು:
ಇದು ಸಂಪಿಗೆ, ಇದು ಸಂಪಿಗೆಯ ಸುಳ್ಳು,
ಈ ಬ್ಯಾಚಿನ ಗಂಧಕ್ಕೆ ಗಂಧ ಸೋಕಿಯೇ ಇಲ್ಲ.
ಮೇಸ್ತ್ರಿ ಮುನಾಫ್ ಸಾಬರು
"ವಿಮಲಾಕ್ಷಿ ಒಪ್ಪಿದಳಾ?" ಎಂದು ಕೇಳಿಯೇ
ಡಬ್ಬದ ಬಾಯಿ ಮುಚ್ಚಿಸುವುದು.

ಮೊದಲ ದಿನ, ಮೊದಲ ಲೋಟ.
ತುಟಿ ಮುಟ್ಟುವ ಮೊದಲೇ ಮೂಗು ಕೂಗಿತು: ಮಜ್ಜಿಗೆಹುಲ್ಲು!
ಅದರ ಬೆನ್ನಿಗೆ ಚೂರು ಹಸಿಶುಂಠಿ.
ಪಾಂಡವಪುರದ ಕಡೆಯ ಆಲೆಮನೆಯ ಅಚ್ಚುಬೆಲ್ಲ,
ಕೊಪ್ಪರಿಗೆಯ ತಳದ್ದು, ಕೊಂಚ ಸೀದದ್ದು.
ಬೆಲ್ಲದ ಮಾತಿಗೆ ಚೆನ್ನಾಜಮ್ಮ ಹುಬ್ಬೇರಿಸಿದಳು.
ದುಡ್ಡು ಮುಟ್ಟಲಿಲ್ಲ.

ಮರುದಿನ ಸೊಗದೆ ಬೇರು;
ಗ್ರಂದಿಗೆ ಅಂಗಡಿಯ ಮರದ ಡ್ರಾಯರು ಎಳೆದಾಗ ಬರುವ ತಂಪು.
ಆಮೇಲೆ ಅತಿಮಧುರ, ನಾಲಗೆಯ ಬುಡದಲ್ಲಿ
ಹೊರಟೆ ಹೊರಟೆ ಎನ್ನುತ್ತಲೇ
ಹೊಸ್ತಿಲಲ್ಲಿ ನಿಂತ ನೆಂಟಳ ಹಾಗೆ.
ತಂಗಡಿ ಹೂವಿಗೆ ಮಾತ್ರ ತಡವರಿಸಿದೆ.
ನಾಗಮಂಗಲದ ದಾರಿಬದಿಯಲ್ಲಿ
ಮೇಕೆ ಕೂಡ ಮೂಸಿ ಬಿಟ್ಟ ಹಳದಿ
ಬಿಸಿಲಿಗೆ ಒಣಗಿ, ಒಗರಾಗಿ,
ನುಂಗಿದ ಮೇಲೆ ಬಾಯೆಲ್ಲ ಬಯಲಾಗಿ...
ಅವಳ ತವರಿನ ದಾರಿ ಅದು. ಹೆಸರು ಹೇಳಿದ್ದಕ್ಕೆ
ಇನ್ನೊಂದು ಲೋಟ ಬಗ್ಗಿಸಿದಳು, ಕೇಳದೆ.

ಶಂಖಪುಷ್ಪದ ನೀಲಿ ಕಣ್ಣಿಗೆ ಹಬ್ಬ, ನಾಲಗೆಗೆ ಒಪ್ಪೊತ್ತು.
ನಿಂಬೆ ಹಿಂಡಿದಳು, ನೇರಳೆಯಾಯಿತು.
ಮೆಷಿನ್ನು ರಿಪೇರಿಯವನು ಎಣ್ಣೆಗೈಯಲ್ಲೇ ಬಂದು ಬಗ್ಗಿ
"ಇದು ರಂಗೋಲಿಗೆ ಸರಿ ಕಣಕ್ಕ, ಕುಡಿಯೋಕಲ್ಲ" ಅಂದ.

ಹನ್ನೊಂದನೆಯ ದಿನ, ಆರನೆಯ ಚೊಂಬು.
ಹಬೆ ಬಂತು. ಮಲ್ಲಿಗೆ ಎಂದೆ.
ಅಲ್ಲ ಎಂದಳು.
ಗುಟುಕು ಹೀರಿದೆ. ಲಾವಂಚ?
ಅಲ್ಲ.
ಪಚ್ಚೆತೆನೆ. ಸಾಂಬ್ರಾಣಿ. ಗಂಧದ ಚಕ್ಕೆ ನೆನೆಸಿದ್ದೀ.
ಅಲ್ಲ, ಅಲ್ಲ, ಅಲ್ಲ ಕಣೇ.
ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು:
"ಬರೀ ಬಿಸಿನೀರು, ತಾಯಿ.
ನೀ ಹೇಳಿದ್ದೆಲ್ಲ ನಿನ್ನ ಕೈದು."

ಲೋಟ ಹಿಡಿದ ಬೆರಳು ಮೂಸಿದೆ.
ಹೌದು. ಉಗುರ ಸಂದಿಯಲ್ಲಿ ಹದಿನೇಳು ವರ್ಷ.
ಹಾಗಾದರೆ ಮಗನಿಗೆ ಕಲಸಿಕೊಟ್ಟ ಅಷ್ಟೂ ಮೊಸರನ್ನ?
ನಾದಿನಿಯ ಕೂಸನ್ನು ಮೊದಲ ಸಲ ಎತ್ತಿಕೊಂಡು
ನೆತ್ತಿ ಮೂಸಿ "ಆಹಾ, ಎಳೆಮಕ್ಕಳ ಘಮ" ಎಂದದ್ದು?
ಅದೂ ಯಾವುದೋ ಬ್ಯಾಚಿನದೇ?

ಚೆನ್ನಾಜಮ್ಮ ಏನೂ ಅನ್ನಲಿಲ್ಲ.
ಗೋಲಿಯಷ್ಟು ಹುಣಸೆಹಣ್ಣು, ಚಿಟಿಕೆ ಬೂದಿ
ಅಂಗೈಗಿಟ್ಟು ನಲ್ಲಿ ತೋರಿಸಿದಳು.
ಚೊಂಬು ಬೆಳಗುವ ಹಾಗೆ ಕೈ ಬೆಳಗಿದೆ,
ಗೆರೆಗೆರೆಯನ್ನೂ ಬಿಡದೆ, ಬೆರಳ ತುದಿ ಉರಿಯುವ ತನಕ.

ಮತ್ತೆ ಲೋಟ. ಅದೇ ಚೊಂಬು, ಆರಿ ಉಗುರುಬೆಚ್ಚಗೆ.

ಹಿತ್ತಾಳೆಯ ಒಂದೆಳೆ.
ಹೊಂಗೆ ಸೌದೆಯ ಹೊಗೆ, ಇತ್ತೋ ಇಲ್ಲವೋ.
ಅದರ ಕೆಳಗೆ ಇನ್ನೂ ಏನೋ ತಣ್ಣಗಿನದು,
ಹೊಳೆಯ ಕಲ್ಲೋ,
ಕತ್ತಲ ಪೈಪಿನೊಳಗೆ ನಡೆದು ಬಂದ ಹಾದಿಯೋ.

"ಹೆಸರು?" ಎಂದಳು.
ಗೊತ್ತಿತ್ತು. ನಾಲಗೆಯ ತುದಿಯಲ್ಲೇ ಇತ್ತು.
ಹತ್ತು ರೂಪಾಯಿ ಇಟ್ಟೆ,
ಮಾತಿಲ್ಲದೆ.