ಸುಂಕದವನ ಹತ್ತಿರ

ರೂವಿಯಲ್ಲಿ ಶುಕ್ರವಾರವೇ ನಮಗೆ ಭಾನುವಾರ.
ಮಲಯಾಳಿಗಳು ಮುಗಿಸಿ ಹೋದ ಮೇಲೆ
ಫಿಲಿಪಿನೋಗಳು ಗಿಟಾರು ತರುವ ಮುಂಚೆ
ನಾಲ್ಕರಿಂದ ಐದೂವರೆ, ಕನ್ನಡಕ್ಕೆ.
ಕುರ್ಚಿಗಳಿನ್ನೂ ಬಿಸಿ.
ದೇವರೂ ಅಷ್ಟರಲ್ಲಿ ಭಾಷೆ ಬದಲಿಸಬೇಕು.

ಮೈಕು ನನ್ನದು. ಹನ್ನೊಂದು ವರ್ಷದಿಂದ
ವಿಜ್ಞಾಪನೆಯ ಪ್ರಾರ್ಥನೆ ನನ್ನದೇ.
ಈ ನಾಡನ್ನಾಳುವವರಿಗಾಗಿ, ಎಣ್ಣೆಯ ಬೆಲೆಗಾಗಿ,
ವೀಸಾ ಮುಗಿದವರಿಗಾಗಿ,
ಐಸಿಯುನಲ್ಲಿರುವ ಪ್ರಮೀಳಕ್ಕನ ಬಾವನಿಗಾಗಿ.
ಒಂದು ಹೆಸರೂ ಬಿಟ್ಟುಹೋಗದು. ಕೆಲವರು ಅಳುತ್ತಾರೆ.
ಅತ್ತವರನ್ನು ನಾನು
ಕಣ್ಣು ಮುಚ್ಚಿಕೊಂಡೇ ಎಣಿಸುತ್ತೇನೆ.

ಅವನು ಕೂರುವುದು ಕೊನೆಗೆ, ನೀರಿನ ಕೂಲರಿನ ಪಕ್ಕ.
ಯೋನಪ್ಪ, ಬೆಟಗೇರಿಯವ, ಬ್ಯಾಂಕಿನ ವಸೂಲಿ ವಿಭಾಗ.
ಕಂತು ತಪ್ಪಿಸಿದ ನಮ್ಮ ಕಡೆಯವರಿಗೆ
ಅವರವರ ಭಾಷೆಯಲ್ಲೇ ಫೋನು ಮಾಡುವುದು ಕೆಲಸ:
ಕನ್ನಡ, ಹಿಂದಿ, ಅಷ್ಟಿಷ್ಟು ತೆಲುಗು.
ಪಕ್ಕದ ಕುರ್ಚಿ ಯಾವಾಗಲೂ ಖಾಲಿ.
ಸುಂಕದವನ ಹತ್ತಿರ ಸುಖದುಃಖ ಹೇಳಬೇಡ
ಅನ್ನುತ್ತಿದ್ದಳು ನಮ್ಮಜ್ಜಿ.
ಸಭೆಗೆಲ್ಲ ಅವಳೇ ಅಜ್ಜಿ.

ಅವತ್ತಿನ ಪಾಠದಲ್ಲೂ ಒಬ್ಬ ಸುಂಕದವನಿದ್ದ,
ದೂರ ನಿಂತು ಎದೆ ಬಡಿದುಕೊಂಡ.
ಓದಿದ್ದು ನಾನೇ, ಒತ್ತು ಕೊಟ್ಟು.
ಆಮೇಲೆ ಪ್ರಾರ್ಥನೆಗೆ ಸೇರಿಸಿದೆ ಒಂದು ಸಾಲು:
"ಕರ್ತನೇ, ಸಹೋದರರ ಕೊರಳಿಗೆ ಕೈ ಹಾಕಿ ಉಣ್ಣುವ
ಕಲ್ಲೆದೆಗಳನ್ನು ಕರಗಿಸು."
ಆಮೆನ್ ಎಂದಿಗಿಂತ ಜೋರಾಗಿ ಬಂತು.
ಕೂಲರಿನ ಬಳಿಯಿಂದಲೂ ಬಂತು, ಒಂದು.

ಚಹಾದ ಹೊತ್ತಿಗೆ ನಾನೇ ಹೋದೆ ಅವನಲ್ಲಿಗೆ
ಕ್ಷಮಿಸಿದವನ ಹಾಗೆ.
ಕಾಗದದ ಲೋಟ, ಒಂದು ಉದ್ದಿನ ವಡೆ.
"ದಿನಾ ಪ್ರಾರ್ಥನೆ ಮಾಡ್ತೀರಾ, ಯೋನಪ್ಪ?"
"ನನಗೆಲ್ಲಿ ಬರ್ತೇತ್ರೀ ನಿಮ್ಹಂಗ.
ಆಫೀಸಿನ್ಯಾಗ ನಂಬರ್ ಒತ್ತೂ ಮೊದಲ
ಒಮ್ಮೆ ಅಂತೀನಿ, ಅಷ್ಟ:
ದೇವ್ರೇ, ಇವ್ರು ಫೋನ್ ಎತ್ತಬಾರದಪಾ."
"ಆಮೇಲೆ?"
"ಎತ್ತತಾರ್ರೀ. ಭಾಳ ಮಂದಿ ಎತ್ತತಾರ,"
ಎಂದು ವಡೆಯ ಎಣ್ಣೆ ಕರವಸ್ತ್ರಕ್ಕೆ ಒರೆಸಿಕೊಂಡ.

ದಿನಕ್ಕೆ ಎಂಬತ್ತು ಕರೆಯಾದರೆ ಎಂಬತ್ತು ಪ್ರಾರ್ಥನೆ.
ದಾರಿಯುದ್ದ ಲೆಕ್ಕ ಹಾಕಿದೆ.
ಎಲ್ಲವೂ ತನ್ನ ಕೆಲಸವೇ ಕೆಡಲೆಂದು ಬೇಡಿದ್ದು.

ರಾತ್ರಿ, ವಾದಿ ಕಬೀರಿನ ಕೋಣೆ.
ಜೊತೆಯವರು ಮಲಗಿದ್ದರು. ಎಸಿ ಕೆಮ್ಮುತ್ತಿತ್ತು.
ಮಂಚದಂಚಿಗೆ ಮೊಣಕಾಲೂರಿದೆ, ಮೈಕಿಲ್ಲದೆ.
"ಕರ್ತನೇ, ನಾನು ಸೊಕ್ಕಿನವ" ಅಂದೆ.
ಎಷ್ಟು ಚೆಂದ ಬಂತು ಆ ಮಾತು!
ದನಿ ನಡುಗಬೇಕಾದಲ್ಲೇ ನಡುಗಿತು.
ಬರುವ ಶುಕ್ರವಾರ ಹೀಗೇ ಹೇಳಿದರೆ
ಹಿಂದಿನ ಸಾಲಿನವರೂ ಅತ್ತಾರು ಅನ್ನಿಸಿತು.
ನಾಲಿಗೆ ಕಚ್ಚಿಕೊಂಡೆ. ಮತ್ತೆ ಶುರುಮಾಡಿದೆ:
"ನನ್ನ ಸೊಕ್ಕು ನನಗೇ ಕಾಣಿಸಿದೆಯಲ್ಲ, ಸ್ತೋತ್ರ.
ಬೇರೆಯವರಿಗೆ ಇಷ್ಟೂ..."
ಅಲ್ಲಿಗೆ ಬಿಟ್ಟೆ.
ಈರುಳ್ಳಿ ಸುಲಿದ ಹಾಗೆ. ಕಣ್ಣಲ್ಲಿ ನೀರು ಬಂತೆಂದು
ಯಾರೂ ಅದನ್ನು ಪಶ್ಚಾತ್ತಾಪ ಅನ್ನುವುದಿಲ್ಲ.

ಒಂದು ಮಾತು ಹೇಳಲಿಲ್ಲ ನಾನು, ದೇವರಿಗೂ:
ಕಾರ್ಡಿನ ಮೂರು ಕಂತು ತಪ್ಪಿಸಿದ್ದೇನೆ.
ಸಭೆಗೆ ಗೊತ್ತಿಲ್ಲ.
ಗೊತ್ತಿದ್ದವನು ಕೂಲರಿನ ಪಕ್ಕ ಕೂತು
ಆಮೆನ್ ಅಂದಿದ್ದ.

ಭಾನುವಾರ, ಇಲ್ಲಿ ಕೆಲಸದ ಮೊದಲ ದಿನ,
ಎಂಟೂವರೆಗೆ ಫೋನು ಬಡಿದುಕೊಂಡಿತು.
ಬ್ಯಾಂಕಿನ ನಂಬರು.
ಆ ತುದಿಯಲ್ಲಿ ಒಬ್ಬ ಈಗಷ್ಟೇ ಬೇಡಿ ಮುಗಿಸಿರಬೇಕು.
ನಾಲ್ಕು ಸಲ ಹೊಡೆಯಲು ಬಿಟ್ಟೆ.
ಐದನೆಯದಕ್ಕೆ ಎತ್ತಿದೆ.

ಈ ಕರೆ ದಾಖಲಾಗುತ್ತಿದೆ ಎಂದಿತು ಹೆಣ್ಣುದನಿಯೊಂದು,
ಅರಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.
ಆಮೇಲೆ ಉಸಿರು.
"ನಾನು," ಅಂದೆ.
"ಗೊತ್ತೈತ್ರೀ," ಅಂದ.